ಚಾವಣಿಗೊಂದು ಬಿಳಿ

"ಬಿಳಿ ಅಂದ್ರೆ ಬಿಳಿ ರೀ, ಅದ್ರಲ್ಲೇನಿದೆ ಅಷ್ಟೊಂದು ಆರಿಸೋಕೆ" ಎಂದು ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟುಹೋದ ಮೇಲೂ ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕತ್ತೆತ್ತಿಕೊಂಡು ನಿಂತೇ ಇದ್ದ. ಚಾವಣಿಯಲ್ಲಿ ಪೇಂಟರ್ ಮಾದರಿಗೆಂದು ಬಳಿದುಹೋದ ಮೂರು ತೇಪೆಗಳಿದ್ದವು. ಅವನ ಕೈಯಲ್ಲಿ ಲ್ಯಾಬಿನಿಂದ ತಂದ ಶೇಡ್ ಗೈಡ್ ಇತ್ತು: ಒಂದು ಉಕ್ಕಿನ ಪಟ್ಟಿ, ಅದಕ್ಕೆ ಸಾಲಾಗಿ ಸಿಕ್ಕಿಸಿದ ಪಿಂಗಾಣಿ ಹಲ್ಲುಗಳು, ಒಂದರ ಬಿಳಿ ಇನ್ನೊಂದಕ್ಕಿಲ್ಲ. ಕಟ್ಟಿಸುವ ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಆ ಕಸುಬಿನವನಿಗೆ ಬಿಳಿ ಎಂಬ ಒಂದು ಬಣ್ಣವೇ ಇರುವುದಿಲ್ಲ. ಕೆನೆಯ ಬಿಳಿ, ಬೂದಿ ಬೆರೆತ ಬಿಳಿ, ಟೀ ಕುಡಿಯುವವರ ಬಿಳಿ, ಸಿಗರೇಟು ಬಿಟ್ಟೆ ಎಂದು ಸುಳ್ಳು ಹೇಳುವವರ ಬಿಳಿ, ಹೀಗೆ. ಒಂದು ಹಲ್ಲನ್ನು ಕಳಚಿ ಮೊದಲನೆಯ ತೇಪೆಯ ಪಕ್ಕ ಹಿಡಿದ. ಆಮೇಲೆ ಬೆರಳನ್ನು ನಾಲಗೆಗೆ ತಾಗಿಸಿ ತೇಪೆಯ ಮೇಲೆ ಸವರಿದ. ಹಲ್ಲಿನ ಬಣ್ಣವನ್ನು ಒಣಗಿಸಿ ನೋಡಬಾರದು, ಬಾಯಲ್ಲಿ ಅದು ಇರುವುದೇ ಒದ್ದೆಯಾಗಿ, ಒದ್ದೆಯಲ್ಲೇ ನೋಡಬೇಕು ಎಂಬುದು ಕಸುಬಿಗೆ ಸೇರಿದ ಮೊದಲ ವಾರದಲ್ಲೇ ಕೈಗೆ ಅಂಟಿದ ಪಾಠ. ಅಡುಗೆಮನೆಯ ಚಾವಣಿಯನ್ನು ಯಾರೂ ಬಾಯೊಳಗೆ ಇಟ್ಟುಕೊಳ್ಳುವುದಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಎರಡನೇ ಸಲ ನಾಲಗೆಗೆ ಬೆರಳಿಟ್ಟಾಗಿತ್ತು. ಬಾಯೆಲ್ಲ ಸುಣ್ಣ ಸುಣ್ಣ. ತಾನೊಬ್ಬನೇ ಇದ್ದರೂ ಸುತ್ತ ನೋಡಿದ. ಮೂರನೆಯ ತೇಪೆಯನ್ನು ಸವರುವ ಅಗತ್ಯವೇ ಇರಲಿಲ್ಲ, ಅದು ಆಗಲೇ ಒದ್ದೆಯಾದಂತೆ ಹೊಳೆಯುತ್ತಿತ್ತು. ಬಾಗಿಲಿಗೆ ಬಳಿದು ಉಳಿದ ಹೊಳಪಿನ ಪೇಂಟನ್ನು, "ಇದು ಮಾತ್ರ ಬೇಡ ಅಂತ ತೋರ್ಸೋಕೆ ಹೊಡ್ದಿದ್ದು ಸಾರ್" ಎಂದು ಹೇಳಿಯೇ ಪೇಂಟರ್ ಬಳಿದಿದ್ದ.

ಪಕ್ಕದ ಕೋಣೆಯಿಂದ ಒಂದು ಮಾತು ಬರುತ್ತದೇನೋ ಎಂದು ಕಿವಿಗೊಟ್ಟ. ಬರಲಿಲ್ಲ. ಅಮ್ಮ ಎಚ್ಚರವಾಗಿಯೇ ಇದ್ದಳು. ಬಟ್ಟಲಿಗೆ ಚಮಚ ತಾಗಿದ ಸದ್ದು ಈಗಷ್ಟೇ ಕೇಳಿತ್ತು. ಮೊದಲಾಗಿದ್ದರೆ ಅವನು ಸ್ಟೂಲಿನ ಮೇಲೆ ಒಂದು ಕಾಲಿಡುವ ಹೊತ್ತಿಗೆ, "ಏಯ್ ಇರುವೆ, ಇಳಿಯೋ ಕೆಳಗೆ, ಸೊಂಟ ಮುರ್ಕೊಂಡು ನನ್ನ ತಲೆಗೆ ಕಟ್ಬೇಡ" ಎಂಬ ಕೂಗು ಬರಬೇಕಿತ್ತು. ಇರುವೆ ಎನ್ನುವುದು ಅವಳಿಟ್ಟ ಅಡ್ಡಹೆಸರು. ಸಕ್ಕರೆ ಡಬ್ಬವನ್ನು ಅಟ್ಟದ ಮೇಲಿಟ್ಟರೂ, ಹಾಸಿಗೆಯ ಸುರುಳಿಯೊಳಗೆ ಬಚ್ಚಿಟ್ಟರೂ ಹುಡುಕಿ ಕೈಹಾಕುತ್ತಿದ್ದ ಮಗನಿಗೆ ಬೇರೆ ಹೆಸರು ಯಾಕೆ ಎನ್ನುತ್ತಿದ್ದಳು. ಮದುವೆಯಾದ ಮೇಲೂ ಇರುವೆ, ತಲೆ ಬೋಳಾದ ಮೇಲೂ ಇರುವೆ, ಡಾಕ್ಟರು ಸಕ್ಕರೆ ಕಡಿಮೆ ಮಾಡಿ ಎಂದ ಮೇಲಂತೂ ದಿನಕ್ಕೆ ನಾಲ್ಕು ಸಲ ಇರುವೆ. ಅವನ ಮಗಳನ್ನು ನೋಡಲು ಬಂದ ಬೀಗರ ಎದುರಿಗೇ, "ಇರುವೆ, ಅವ್ರಿಗೆ ಕುರ್ಚಿ ಹಾಕೋ" ಎಂದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಬೀಗರು ತಿಂಡಿ ತಟ್ಟೆಯ ಸುತ್ತ ಹುಡುಕಿದರು, ಎಲ್ಲಿದೆ ಇರುವೆ ಎಂದು. ಆ ಸಿಟ್ಟಿಗೆ ಎರಡು ದಿನ ಅಮ್ಮನ ಹತ್ತಿರ ಮಾತು ಬಿಟ್ಟಿದ್ದ. ಈಗ ಅವಳು ಕರೆಯುವುದು "ನೋಡಪ್ಪಾ" ಎಂದು. ಬ್ಯಾಂಕಿನಲ್ಲಿ ಗೊತ್ತಿಲ್ಲದವರ ಹತ್ತಿರ ಪೆನ್ನು ಕೇಳುವವರ ಹಾಗೆ, ನೋಡಪ್ಪಾ, ಸ್ವಲ್ಪ ನೀರು. ಸಕ್ಕರೆ ಡಬ್ಬ ಕೆಂಪು ಮುಚ್ಚಳ ಹಾಕಿಕೊಂಡು ಒಲೆಯ ಪಕ್ಕದಲ್ಲಿ ಯಾರ ಕಾವಲೂ ಇಲ್ಲದೆ ಕೂತಿರುತ್ತಿತ್ತು. ಅವನು ಟೀಗೆ ಎರಡು ಚಮಚ ಹಾಕಿಕೊಳ್ಳುತ್ತಿದ್ದ, ಒಮ್ಮೊಮ್ಮೆ ಮೂರು. ಕೇಳುವವರಿಲ್ಲ. ಕೇಳುವವರಿಲ್ಲದ ಸಕ್ಕರೆಗೆ ಅಂಥಾ ರುಚಿಯೇನೂ ಇರುವುದಿಲ್ಲ ಎಂದು ಈ ವಯಸ್ಸಿನಲ್ಲಿ ಗೊತ್ತಾಗುತ್ತಿತ್ತು.

ಹಿತ್ತಲ ಮೆಟ್ಟಿಲ ಮೇಲೆ ಜಾರಿ ಅಮ್ಮನ ತೊಡೆಯ ಮೂಳೆ ಮುರಿದಿತ್ತು. ಕೂರಿಸಿದರೆ ಕೂರಬಹುದು, ಹಿಡಿದುಕೊಂಡರೆ ಬಚ್ಚಲಿಗೆ ಹೋಗಬಹುದು, ಆದರೆ ಒಲೆಯ ಮುಂದೆ ನಿಲ್ಲುವುದು ಇನ್ನಿಲ್ಲ ಎಂದು ಮೂಳೆ ಡಾಕ್ಟರು ಹೇಳಿದ ಮೇಲೆ, ಅಡುಗೆಮನೆಗೆ ಅಂಟಿಕೊಂಡಿದ್ದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ ಅವಳ ಮಂಚ ಹಾಕಿದರು. ಆ ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆ ಪೂರ್ತಿ ಮೇಲಕ್ಕೆ ಹೋಗಿಲ್ಲ, ಆಳೆತ್ತರಕ್ಕೆ ನಿಂತಿದೆ. ಕೂಗಿದರೆ ಕೇಳುತ್ತದೆ, ಅಡುಗೆಯ ವಾಸನೆ ಬರುತ್ತದೆ, ಅಮ್ಮನಿಗೆ ಬೇಜಾರಾಗುವುದಿಲ್ಲ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಮೊದಮೊದಲು ಅವಳು ಗೋಡೆಯ ಆಚೆಯಿಂದಲೇ ಅಡುಗೆಮನೆ ಆಳಿದಳು. ಈರುಳ್ಳಿ ಸೀಯುತ್ತಿದೆ, ಉರಿ ಸಣ್ಣ ಮಾಡು. ಮುಚ್ಚಳ ಯಾಕೆ ಹಾಕಿದೆ, ತೆಗಿ. ಸೊಸೆಗೆ ರೇಗುತ್ತಿತ್ತು, ಆದರೂ ಉರಿ ಸಣ್ಣ ಮಾಡುತ್ತಿದ್ದಳು. ಒಂದು ದಿನ, ಹೊರಗೆ ಜೋರು ಗಾಳಿ, ಕಿಟಕಿಗೆ ಮರದ ಎಲೆ ಉಜ್ಜುತ್ತಿದ್ದ ಸದ್ದು. ಅಮ್ಮ ಕೂಗಿದಳು: "ಏನ್ರೇ, ಕುದ್ದು ಕುದ್ದು ತಳ ಹತ್ತತಾ ಇದೆ, ಯಾರೂ ಇಲ್ವಾ ಅಲ್ಲಿ?" ಒಲೆ ಹಚ್ಚಿಯೇ ಇರಲಿಲ್ಲ, ಅವಳಿಗೆ ಕೇಳಿದ್ದು ಎಲೆಯ ಸದ್ದು. ಗಂಡ ಹೆಂಡತಿ ಮೇಜಿನ ಬಳಿ ಕೂತು ಬಟಾಣಿ ಬಿಡಿಸುತ್ತಿದ್ದವರು ಮುಖ ಮುಖ ನೋಡಿಕೊಂಡು ನಕ್ಕರು. ಕೆಟ್ಟ ನಗುವೇನಲ್ಲ, ಯಾರಿದ್ದರೂ ನಗುತ್ತಿದ್ದರು. ಆದರೆ ಸ್ವಲ್ಪ ಹೊತ್ತು ಹೆಚ್ಚಾಗಿ ನಕ್ಕರು. "ಅತ್ತೆ, ಒಲೆ ಹಚ್ಚೇ ಇಲ್ಲ, ನೀವು ಆರಾಮಾಗಿ ಮಲ್ಕೊಳ್ಳಿ, ನಾವ್ ನೋಡ್ಕೋತೀವಿ" ಎಂದಳು ಹೆಂಡತಿ, ಪ್ರೀತಿಯಿಂದಲೇ. ಗೋಡೆಯ ಆಚೆಯಿಂದ, "ಓ, ಹಾಗಾ. ಆಗ್ಲಿ" ಎಂದು ಬಂತು. ಅಮ್ಮನ ಬಾಯಲ್ಲಿ ಆ "ಆಗ್ಲಿ" ಎಂಬ ಮಾತು ಅವನು ಅದೇ ಮೊದಲು ಕೇಳಿದ್ದು. ಅವತ್ತಿನಿಂದ ಅವಳು ಅಡುಗೆಯ ವಿಷಯಕ್ಕೆ ಬಾಯಿ ಹಾಕಲಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟನ್ನೂ ಊಟಕ್ಕಷ್ಟೇ ಹಾಕಿ ಆಮೇಲೆ ಬಟ್ಟಲಿನ ನೀರಿಗೆ ಬಿಡುತ್ತಿದ್ದಳು. ಉಪ್ಪು ಕಡಿಮೆಯಾಯಿತೇ ಎಂದರೆ ಸರಿಯಿದೆ, ಜಾಸ್ತಿಯಾಯಿತೇ ಎಂದರೆ ಸರಿಯಿದೆ. ಅವಳು ಬೈದರೆ ಸಾಕಿತ್ತು. ಒಂದು ಸಲ, ಬಾಯ್ತುಂಬ, ಹೆಸರು ಹಿಡಿದು ಬೈದರೆ ಸಾಕಿತ್ತು ಎಂದು ಅವನ ಜೀವ ಕಾಯುತ್ತಿತ್ತು.

ಚಾವಣಿಯ ವಿಷಯ ಎದ್ದದ್ದು ಅದರ ಚಕ್ಕೆಯೊಂದು ಹಾಲಿನ ಪಾತ್ರೆಗೆ ಬಿದ್ದದ್ದರಿಂದ. ಮೇಲೆ ನೋಡಿದರೆ ಒಲೆಯ ನೇರಕ್ಕೆ ಕರಿ, ಕಿಟಕಿಯ ನೇರಕ್ಕೆ ಹಳದಿ, ಉಳಿದ ಕಡೆ ಹಾವಿನ ಪೊರೆಯ ಹಾಗೆ ಎದ್ದು ನಿಂತ ಹಳೆಯ ಬಣ್ಣ. ಹೆಂಡತಿ ಪೇಂಟರನ್ನು ಕರೆಸಿದಳು. ಈ ಪೇಂಟರಿಗೆ ಬೀದಿಯವರೆಲ್ಲ ಇಟ್ಟ ಹೆಸರು ನಾಳೆರಾಯ; ಯಾವತ್ತು ಕೇಳಿದರೂ ನಾಳೆ ಖಂಡಿತ ಎನ್ನುತ್ತಿದ್ದ, ಯಾವ ನಾಳೆ ಎಂದು ಹೇಳುತ್ತಿರಲಿಲ್ಲ. ಬಂದವನು ಸೊಂಟದ ಮೇಲೆ ಕೈಯಿಟ್ಟುಕೊಂಡು ಚಾವಣಿ ನೋಡಿ, ಯಾರೋ ತೀರಾ ಬೇಕಾದವರು ಹೋದ ಸುದ್ದಿ ಕೇಳಿದವನಂತೆ ಲೊಚಗುಟ್ಟಿದ. "ಇದು ಕೆರೆಯೋಕೇ ಒಂದಿನ ಬೇಕು ಸಾರ್. ಗಾರೆ ಏಕ್ದಮ್ ಅಂಕುಡೊಂಕು. ಮ್ಯಾಟ್ ಹೊಡೆದ್ಬಿಡೋಣ. ಮ್ಯಾಟ್ ಅಂದ್ರೆ ಹೊಳಪಿರಲ್ಲ, ಎಲ್ಲಾ ಮುಚ್ಕೊಳ್ಳುತ್ತೆ. ಹೊಳಪಿಂದು ಹೊಡೆದ್ರೋ, ಒಂದೊಂದು ಗುಳ್ಳೆನೂ ಎದ್ದು ಕಾಣುತ್ತೆ, ಆಮೇಲೆ ನನ್ನ ಬೈಬೇಡಿ." ಬಣ್ಣ ಯಾವುದು ಎಂದು ನೀವೇ ಹೇಳಿ ಎಂದ. ಬಿಳಿ ಎಂದಳು ಹೆಂಡತಿ. ಯಾವ ಬಿಳಿ ಎಂದ ಇವನು. ಪೇಂಟರೂ ಹೆಂಡತಿಯೂ ಒಟ್ಟಿಗೆ ಅವನ ಮುಖ ನೋಡಿದರು.

ಡೆಂಟಲ್ ಕ್ಲಿನಿಕ್ಕಿನ ಹಿಂದೆ ಉದ್ದನೆಯ ಒಂದು ಕೋಣೆ, ಅದೇ ಲ್ಯಾಬು. ಕಿಟಕಿಯ ಕೆಳಗೆ ಅವನ ಮೇಜು, ಮೇಜಿನ ಮೇಲೆ ಯಾರ್ಯಾರದೋ ದವಡೆಗಳ ಅಚ್ಚು, ಗುಲಾಬಿ ಮೇಣ, ಸಾಣೆಯ ಮೋಟರು. ಶೇಡ್ ಗೈಡನ್ನು ಚೀಲದಿಂದ ತೆಗೆದು ಜಾಗಕ್ಕಿಡುವಾಗ ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನ ಮಗಳಷ್ಟೇ ವಯಸ್ಸು, ಮಾತು ಮಾತ್ರ ಹರಿತ. "ಅಂಕಲ್, ಮನೆಗೆ ಯಾಕೆ ತಗೊಂಡ್ಹೋಗಿದ್ರಿ ಇದನ್ನ? ಕಳ್ಳ ವ್ಯಾಪಾರ ಶುರು ಮಾಡಿದ್ರಾ?" ಅಡುಗೆಮನೆ ಚಾವಣಿಗೆ ಎಂದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. "ಚಾವಣಿಗೂ ಹಲ್ಲು ಕಟ್ತೀರಾ? ನಾನೇ ಬಂದು ಅಳತೆ ತೆಗೀಬೇಕಾ?" ಅವನೂ ನಕ್ಕ, ಕಿವಿ ಬಿಸಿಯಾಗಿತ್ತು. ಅವಳು ಹೋದ ಮೇಲೆ ಮೋಟರು ಹಾಕಿ ಒಂದು ಸೆಟ್ಟಿನ ಅಂಚು ಸವರತೊಡಗಿದ. ಅಮ್ಮನ ಸೆಟ್ಟನ್ನೂ ಇದೇ ಮೇಜಿನ ಮೇಲೆ ಅವನೇ ಮಾಡಿದ್ದು, ಬೇರೆ ಯಾರ ಸೆಟ್ಟಿಗೂ ಅಷ್ಟು ಮುತುವರ್ಜಿ ಮಾಡಿರಲಿಲ್ಲ. ವಯಸ್ಸಿಗೆ ತಕ್ಕ ಹಾಗೆ ಬುಡದಲ್ಲಿ ತುಸು ಹಳದಿ ತಂದಿದ್ದ, ಮುಂದಿನ ಒಂದು ಹಲ್ಲನ್ನು ಅವಳ ಮೊದಲಿನ ಹಲ್ಲಿನಂತೆಯೇ ಒಂದಿಷ್ಟು ಓರೆ ಮಾಡಿದ್ದ. ಕಟ್ಟಿಸಿದ್ದು ಅಂತ ದೇವರಿಗೂ ಗೊತ್ತಾಗಬಾರದು. ಅಮ್ಮ ಕನ್ನಡಿ ಹಿಡಿದು ನೋಡಿ, "ಹೊಸ ಹಲ್ಲು ಹಾಕೋ ಅಂದ್ರೆ ಹಳೇದನ್ನೇ ಮೆತ್ತಿದ್ದೀಯಲ್ಲೋ ಇರುವೆ! ಪಕ್ಕದ್ಮನೆಯವಳ್ದು ನೋಡು, ಬಾಯಿ ತೆಗೆದ್ರೆ ಲೈಟು ಹಾಕಿದ ಹಾಗೆ ಪಳಪಳ ಅನ್ನುತ್ತೆ. ಹೊಸದು ಅಂದ್ಮೇಲೆ ಹೊಸದು ಅಂತ ಕಾಣ್ಬೇಡ್ವಾ?" ಎಂದಿದ್ದಳು. ಸಹಜವಾಗಿರಬೇಕಮ್ಮ, ನಿನಗೆ ಗೊತ್ತಾಗಲ್ಲ ಎಂದಿದ್ದ ಅವನು. ಸಹಜ ಎನ್ನುವ ಮಾತನ್ನು ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಮೋಟರು ನಿಲ್ಲಿಸಿ ಪುಡಿ ಊದಿದ. ಯಾರದೋ ನಗು ಅವನ ಅಂಗೈಯಲ್ಲಿತ್ತು.

ಸಂಜೆ ಬಣ್ಣದ ಅಂಗಡಿಗೆ ಹೋದ. ಗಲ್ಲಾದ ಹಿಂದೆ ಕೂತಿದ್ದ ಅಂಗಡಿಯವನು ಬಿಳಿ ಬಣ್ಣಗಳ ಮಾದರಿ ಚೀಟಿಯನ್ನು ವಿಸಿಟಿಂಗ್ ಕಾರ್ಡಿನಂತೆ ಮುಂದಕ್ಕೆ ದೂಡಿ ಫೋನಿನಲ್ಲಿ ಮಾತು ಮುಂದುವರಿಸಿದ. ಇವನು ಚೀಟಿಯನ್ನು ಬಾಗಿಲ ಬೆಳಕಿಗೆ ಒಯ್ದ, ಟ್ಯೂಬ್‌ಲೈಟಿನ ಕೆಳಗೆ ತಂದ, ಮತ್ತೆ ಬಾಗಿಲಿಗೆ ಒಯ್ದ. ಈ ಬಿಳಿಯಲ್ಲಿ ನೀಲಿ ಇದೆಯಲ್ಲವೇ ಎಂದ. ಇದರಲ್ಲಿ ಗುಲಾಬಿ ಇದ್ದಂತಿದೆ ಎಂದ. ಅಂಗಡಿಯವನು ಫೋನನ್ನು ಎದೆಗೊತ್ತಿಕೊಂಡು, "ಯಾವ ರೂಮಿಗೆ ಸಾರ್?" ಎಂದ. ಅಡುಗೆಮನೆ ಚಾವಣಿಗೆ. "ಅಯ್ಯೋ, ಸೀಲಿಂಗಿಗಾ! ಅದಕ್ಕೆ ಇಷ್ಟೆಲ್ಲಾನಾ? ಯಾರ್ ಸಾರ್ ತಲೆ ಎತ್ತಿ ನೋಡ್ತಾರೆ ಅಡುಗೆಮನೆ ಸೀಲಿಂಗನ್ನ?" ಪಕ್ಕದಲ್ಲಿ ಬ್ರಷ್ಷಿನ ಕೂದಲು ಎಳೆದೆಳೆದು ನೋಡುತ್ತಿದ್ದ ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ. ಇವನಿಗೆ ಸಿಟ್ಟು ಬಂತು, ಆದರೆ ಇವನಿಗೆ ಸಿಟ್ಟು ಬಂದಾಗ ಬರುವುದು ಸಿಟ್ಟಲ್ಲ, ಥ್ಯಾಂಕ್ಸ್. ಥ್ಯಾಂಕ್ಸ್ ಎಂದು ಹೇಳಿ ಚೀಟಿ ಜೇಬಿಗಿಟ್ಟುಕೊಂಡು ಹೊರಬಿದ್ದ. ಬಸ್ ಸ್ಟಾಪು ದಾಟಿ, ಇಸ್ತ್ರಿ ಅಂಗಡಿ ದಾಟಿ, ಕೊಡಬೇಕಾಗಿದ್ದ ಖಡಕ್ ಉತ್ತರಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಕೊಟ್ಟುಕೊಂಡು ನಡೆದ. ಯಾರು ತಲೆ ಎತ್ತಿ ನೋಡುತ್ತಾರಂತೆ! ಯಾರು ಎಂದರೆ. ಅಲ್ಲಿಗೆ ಅವನ ಕಾಲು ನಿಂತುಬಿಟ್ಟಿತು. ತಲೆ ಎತ್ತಬೇಕಾಗಿಯೂ ಇಲ್ಲ. ಒಬ್ಬಳು ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ನೋಡುತ್ತ ಮಲಗಿದ್ದಾಳೆ. ಹಿಂದಿನಿಂದ ಬಂದ ಸೈಕಲ್ಲಿನವನು ಬೆಲ್ಲು ಬಾರಿಸಿ, "ಏನ್ ಸಾರ್, ನಡು ರಸ್ತೇಲಿ ನಿಂತು ಕನಸು ಕಾಣ್ತಿದ್ದೀರಾ?" ಎಂದು ಬೈದುಹೋದ. ಅದೂ ಅವನಿಗೆ ಹಿತವಾಗಿ ಕೇಳಿಸಿತು.

ಮಾರನೆಯ ದಿನ ಹೆಂಡತಿ ಅಮ್ಮನನ್ನು ಸ್ನಾನಕ್ಕೆ ಕರೆದೊಯ್ದಾಗ ಅವನು ಕೋಣೆಯ ಬಾಗಿಲು ಅರ್ಧ ಮುಚ್ಚಿ ಅಮ್ಮನ ಮಂಚದ ಮೇಲೆ ಮಲಗಿದ. ದಿಂಬಿನಲ್ಲಿ ಅವಳ ತಲೆಯ ಎಣ್ಣೆಯ ವಾಸನೆ. ಜ್ವರ ಬಂದಾಗ ಇದೇ ವಾಸನೆಯ ಪಕ್ಕ ಮಲಗಿದ್ದು, ಅವಳು ಒದ್ದೆ ಬಟ್ಟೆಯನ್ನು ಹಣೆಯ ಮೇಲೆ ಹಾಕಿ, ಬಾಯಿಗೆ ಹರಳು ಸಕ್ಕರೆ ಇಟ್ಟು, ಯಾರಿಗೂ ಹೇಳ್ಬೇಡ ಎಂದದ್ದು ನೆನಪಾಯಿತು. ಸಕ್ಕರೆಗೆ ಕಾವಲಿದ್ದವಳೇ ಕಳ್ಳಿ. ಮಲಗಿದಲ್ಲಿಂದ ಕಾಣುವುದು ಏನೇನು ಎಂದು ನೋಡಿದ. ಈ ಕಡೆ ಬೀರು, ಆ ಕಡೆ ಗೋಡೆ. ಗೋಡೆಯ ಮೇಲ್ಗಡೆ ಅಡುಗೆಮನೆಯ ಚಾವಣಿ. ಒಲೆ ಕಾಣುವುದಿಲ್ಲ, ಕಿಟಕಿ ಕಾಣುವುದಿಲ್ಲ, ಮನುಷ್ಯರು ಕಾಣುವುದಿಲ್ಲ. ಕರಿಯ ಕಲೆ, ಹಳದಿ ಕಲೆ, ಎದ್ದ ಪೊರೆ, ಮೂರು ತೇಪೆ. ಮನೆಯವರೆಲ್ಲ ಸೇರಿ ತಮ್ಮ ತಮ್ಮ ಒಳ್ಳೆಯತನಕ್ಕೆ ಬೆನ್ನು ತಟ್ಟಿಕೊಂಡು ಅವಳಿಗೆ ಕೊಟ್ಟದ್ದು ಇದು. ಮೂರನೆಯ ತೇಪೆಯಲ್ಲಿ, ಹೊಳೆಯುವುದರಲ್ಲಿ, ಒಂದು ಕೆಂಪು ಚುಕ್ಕೆ ಇದ್ದಂತಿತ್ತು. ತುಕ್ಕಿರಬೇಕು, ಒಳಗೆ ಕಬ್ಬಿಣ ತುಕ್ಕು ಹಿಡಿದರೆ ಹಾಗೆ ಬರುತ್ತದೆ, ಎಂದುಕೊಂಡು ಎದ್ದುಹೋಗಿ ಸ್ಟೂಲು ಹತ್ತಿ ನೋಡಿದ. ಚುಕ್ಕೆಗಿಕ್ಕೆ ಏನೂ ಇರಲಿಲ್ಲ. ವಯಸ್ಸಾಯಿತು, ಕಣ್ಣು ಪರೀಕ್ಷೆ ಮಾಡಿಸಬೇಕು ಎಂದುಕೊಂಡ.

ಆದರೂ ಆ ದಿನವೆಲ್ಲ ಅವನು ಒಂಥರಾ ಖುಷಿಯಲ್ಲಿದ್ದ. ಮಾಡಬೇಕಾದದ್ದು ಇಷ್ಟು ಸ್ಪಷ್ಟವಾಗಿ ಎದುರಿಗೆ ಬಂದು ನಿಲ್ಲುವುದು ಬಹಳ ಅಪರೂಪ. ಅಮ್ಮನ ಕಣ್ಣಿಗೆ ತಂಪಾಗಿರುವ ಒಂದು ಬಿಳಿ. ನೀಲಿ ಬೇಡ, ಆಸ್ಪತ್ರೆಯಾಗುತ್ತದೆ. ಹಳದಿ ಬೇಡ, ಮತ್ತೆ ಹಳೆಯ ಕಲೆಯೇ ಬಂತು ಅನ್ನಿಸುತ್ತದೆ. ಊಟದ ಬಿಡುವಿನಲ್ಲಿ ಬಿಳಿಗಳ ಚೀಟಿಯನ್ನೂ ಹಲ್ಲುಗಳನ್ನೂ ಕಿಟಕಿಯ ಬಳಿ ಹರಡಿಕೊಂಡು ಕೂತು, ಕಡೆಗೆ ಒಂದನ್ನು ಹಿಡಿದ: ಆಗಷ್ಟೇ ಕಾಯಿಸಿಳಿಸಿದ ಹಾಲಿನ ಬಿಳಿ. ಪಕ್ಕದಲ್ಲಿ ಹಿಡಿದ ಹಲ್ಲು ಅಮ್ಮನ ಸೆಟ್ಟಿಗೆ ಬಳಸಿದ್ದಕ್ಕಿಂತ ಎರಡು ಮೆಟ್ಟಿಲು ಹೆಚ್ಚು ಬಿಳಿಯದು. ಇಷ್ಟಾದರೂ ಕೊಡಬಹುದಿತ್ತು ಅವಳಿಗೆ ಆಗ, ಅನ್ನಿಸಿತು. ಮ್ಯಾಟ್, ಮೆತ್ತಗೆ, ಬೆಳಕು ಎಲ್ಲೂ ಕಣ್ಣಿಗೆ ಚುಚ್ಚದ ಹಾಗೆ. ಡಾಕ್ಟರಮ್ಮನಿಗೆ ತಾನೇ ಹೋಗಿ ತೋರಿಸಿದ. ಅವಳು ಒಂದು ನಿಮಿಷ ಚೀಟಿ ನೋಡಿ, "ಚೆನ್ನಾಗಿದೆ ಅಂಕಲ್, ನಿಜವಾಗ್ಲೂ" ಎಂದಳು, ಈ ಸಲ ನಗದೆ.

ಆ ಸಂಜೆ ಕಾಫಿ ಹೊತ್ತಿಗೆ ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿ, ನಾಳೆರಾಯನನ್ನೂ ಬರಹೇಳಿ, ಒಂದು ದೊಡ್ಡ ಉಡುಗೊರೆ ಕೊಡುವವನಂತೆ ಚೀಟಿಯನ್ನು ಅವಳ ಮಡಿಲಲ್ಲಿಟ್ಟ.

"ಅಮ್ಮ, ಅಡುಗೆಮನೆ ಚಾವಣಿಗೆ ಬಣ್ಣ ಹೊಡಿಸ್ತಿದ್ದೀವಲ್ಲ. ಇದು ಆಗ್ಬಹುದಾ ನೋಡು. ನೋಡೋಳು ನೀನು ತಾನೆ."

ಅಮ್ಮ ಚೀಟಿಯನ್ನು ನೋಡಲಿಲ್ಲ. "ನಿಮ್ಗೆ ಹೇಗೆ ಬೇಕೋ ಹಾಗೆ ಮಾಡ್ಕೊಳಪ್ಪಾ" ಎಂದಳು. ಅವನ ಮುಖ ಇಳಿದುಹೋಯಿತು. ಅಮ್ಮ ಗೋಡೆಯ ಮೇಲ್ಗಡೆಗೆ ಒಂದು ಸಲ ನೋಡಿ, ಬಟ್ಟಲಿಗೆ ಕೈಹಾಕಿ ಹಲ್ಲಿನ ಸೆಟ್ಟು ತೆಗೆದು, ನೀರು ಕೊಡವಿ ಬಾಯಿಗೆ ಹಾಕಿಕೊಂಡಳು. ತಿನ್ನಲು ಎದುರಿಗೆ ಏನೂ ಇರಲಿಲ್ಲ.

"ಆ ಮಿಂಚೋದಿದೆಯಲ್ಲ, ಅದು" ಎಂದಳು.

"ಯಾವುದಮ್ಮ?"

"ಕೊನೇದು. ಅದೇ ಇರ್ಲಿ ಪೂರ್ತಿ."

ನಾಳೆರಾಯ ಗಾಬರಿಯಾದ. "ಅಜ್ಜಿ, ಅದು ಬಾಗಿಲಿಗೆ ಹೊಡಿಯೋದು! ಚಾವಣಿಗೆ ಯಾರೂ ಹೊಡಿಯಲ್ಲ. ಗುಳ್ಳೆಗಳೆಲ್ಲ ಎದ್ದು ಕಾಣ್ತವೆ, ನೋಡಿದವರು ನನ್ನ ಮುಖಕ್ಕೆ ಉಗೀತಾರೆ."

"ನೋಡೋಳು ನಾನು ಅಂತ ಈಗ ತಾನೆ ಅಂದ್ನಲ್ಲ ಅವನು. ನಾನು ಉಗಿಯಲ್ಲ ಬಿಡು."

"ಕಣ್ಣಿಗೆ ಹೊಡಿಯುತ್ತಮ್ಮ" ಎಂದ ಅವನು. ಚೀಟಿಯನ್ನು ಅವಳ ಮಡಿಲಿನಿಂದ ಎತ್ತಿ ಮತ್ತೆ ತೋರಿಸಿದ. "ಇದು ನೋಡು, ಮೆತ್ತಗಿದೆ. ಚಾವಣಿ ಅಂದ್ರೆ ಹೀಗೆ ಸಹಜವಾಗಿ," ಎನ್ನುತ್ತಿದ್ದವನು ಆ ಮಾತಿನ ಮೇಲೆ ಎಡವಿ ನಿಂತ. ಅಮ್ಮ ಅವನನ್ನೇ ನೋಡುತ್ತಿದ್ದಳು. ತುಸು ತೆರೆದ ಬಾಯಲ್ಲಿ ಅವನೇ ಮಾಡಿದ ಹಲ್ಲುಗಳು, ಬುಡದಲ್ಲಿ ಹಳದಿ, ಒಂದು ಓರೆ, ದೇವರಿಗೂ ಗೊತ್ತಾಗದಷ್ಟು ಸಹಜ, ಅವಳಿಗೆ ಒಂದು ದಿನವೂ ಇಷ್ಟವಾಗದೇ ಹೋದ ಹಲ್ಲುಗಳು. ಪಳಪಳ ಎನ್ನುವುದು ಅವಳಿಗೆ ಬೇಕು. ಆಗಲೂ ಬೇಕಿತ್ತು. ಯಾಕೆ ಬೇಕು ಎಂದು ಅವನು ಆಗಲೂ ಕೇಳಿರಲಿಲ್ಲ. ಈಗಲೂ ಕೇಳಲು ಹೊಳೆಯಲಿಲ್ಲ. ಹೊಳೆದದ್ದು ಇಷ್ಟೇ, ಎಷ್ಟೋ ದಿನಗಳ ಮೇಲೆ ಅವಳು ಒಂದನ್ನು ಬೇಕು ಎಂದಿದ್ದಾಳೆ, ಆಗ್ಲಿ ಎಂದಿಲ್ಲ.

"ಹೊಳಪಿಂದೇ ಹೊಡಿ" ಎಂದ ನಾಳೆರಾಯನಿಗೆ.

"ಸಾರ್, ಆಮೇಲೆ ನನ್ನ..."

"ಬೈಯಲ್ಲ. ಈ ಹಾಲು ಬಿಳಿ ಬಣ್ಣದಲ್ಲೇ ಹೊಳಪಿಂದು ತಗೊಂಡ್ಬಾ. ನಾಳೆನೇ ಬಾ. ನಾಳೆ ಅಂದ್ರೆ ನಮ್ಮ ನಾಳೆ, ನಿನ್ನ ನಾಳೆ ಅಲ್ಲ."

ಹೆಂಡತಿ ನಕ್ಕುಬಿಟ್ಟಳು. ಅಮ್ಮನ ಮುಖದಲ್ಲೂ ಏನೋ ಅಲ್ಲಾಡಿದಂತೆ ಕಂಡಿತು, ಆದರೆ ಅವಳು ಆಗಲೇ ಗೋಡೆಯ ಮೇಲ್ಗಡೆಗೆ ಕಣ್ಣು ತಿರುಗಿಸಿದ್ದಳು.

ನಾಳೆರಾಯ ಮೂರು ನಾಳೆಗಳ ನಂತರ ಬಂದ. ಕೆರೆದ, ಪುಟ್ಟಿ ಮೆತ್ತಿದ, ಉಜ್ಜಿದ, ಅಡುಗೆಮನೆಯೆಲ್ಲ ಹಿಟ್ಟಿನ ಗಿರಣಿಯಂತಾಯಿತು. ಆ ದಿನಗಳಲ್ಲಿ ಅಮ್ಮನ ಮಂಚವನ್ನು ನಡುಮನೆಗೆ ತಂದಿದ್ದರು, ಒಲೆಯನ್ನು ಹಿತ್ತಲಿಗೆ ಸಾಗಿಸಿ ಮೊಟ್ಟೆ, ಬ್ರೆಡ್ಡಿನಲ್ಲಿ ಕಾಲ ಹಾಕಿದ್ದರು. ಕೊನೆಯ ಕೋಟು ಒಣಗಿದ ಮೇಲೆ ಅವನು ಒಳಗೆ ಹೋಗಿ ಕತ್ತೆತ್ತಿದ. ಪೇಂಟರ್ ಹೇಳಿದ್ದು ಸುಳ್ಳಾಗಿರಲಿಲ್ಲ. ಗಾರೆಯ ಏರಿಳಿತವೆಲ್ಲ ಎದ್ದು ಕಾಣುತ್ತಿತ್ತು, ಒಂದೊಂದು ಗುಳ್ಳೆಯ ಮೇಲೂ ಬಲ್ಬಿನ ಒಂದೊಂದು ಚೂರು ಕೂತಿತ್ತು. ಅಷ್ಟು ಕಷ್ಟಪಟ್ಟು ಹುಡುಕಿದ ಹಾಲಿನ ಬಿಳಿ ಹೊಳಪಿನಲ್ಲಿ ಎಲ್ಲಿ ಹೋಯಿತೋ. ಲ್ಯಾಬಿನಲ್ಲಿ ಇಂಥ ಸೆಟ್ಟು ಮಾಡಿದ್ದರೆ ಅವನೇ ಒಡೆದು ಹಾಕುತ್ತಿದ್ದ. "ಹೇಳಿರ್ಲಿಲ್ವಾ ಸಾರ್" ಎಂದು ನಾಳೆರಾಯ ಬ್ರಷ್ಷು ತೊಳೆಯುತ್ತ ತೃಪ್ತಿಯಿಂದ ಅಂದ. ಚೆನ್ನಾಗಿದೆ ಚೆನ್ನಾಗಿದೆ ಎಂದು ಅವನನ್ನು ಕಳಿಸಿ, ಮಂಚವನ್ನು ಮತ್ತೆ ಕೋಣೆಗೆ ತಂದು, ಮೊದಲಿದ್ದ ಜಾಗಕ್ಕೇ ಹಾಕಿದರು. ಅಮ್ಮ, "ದಿಂಬು ಇಷ್ಟು ಕೆಳಗೆ" ಎಂದಳು. "ಇನ್ನೊಂದಿಷ್ಟು. ಸಾಕು." ಇಷ್ಟವಾಯಿತೇ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಇರಲಿ, ಕೇಳಿದ್ದು ಕೊಟ್ಟೆನಲ್ಲ ಎಂದು ಸಮಾಧಾನ ಮಾಡಿಕೊಂಡ. ಪೂರ್ತಿ ಸಮಾಧಾನವೇನೂ ಆಗಲಿಲ್ಲ.

ಹೆಂಡತಿ ಸ್ನಾನಕ್ಕೆ ಹೋದಳು. ಮನೆ ನಿಶ್ಶಬ್ದವಾಯಿತು. ಹೊಸ ಬಣ್ಣದ ವಾಸನೆಯ ನಡುವೆ ಒಲೆಯನ್ನು ಜಾಗಕ್ಕಿಟ್ಟು, ಪಾತ್ರೆಗಳನ್ನು ಜೋಡಿಸಿ, ಅವನು ತನಗೂ ಅಮ್ಮನಿಗೂ ಟೀಗಿಟ್ಟ. ಟೀ ಸೋಸಿ ಎರಡು ಲೋಟಕ್ಕೆ ಹಾಕಿದ. ಅಮ್ಮನ ಲೋಟಕ್ಕೆ ಒಂದು ಚಮಚ. ಆಮೇಲೆ ತನ್ನದಕ್ಕೆ ಒಂದು. ಸದ್ದಾಗದಂತೆ ಮತ್ತೊಂದು ಚಮಚ ತುಂಬಿ, ಡಬ್ಬದ ಅಂಚಿಗೆ ತಾಗದಂತೆ ಎತ್ತಿ ಲೋಟದ ಕಡೆಗೆ ತಂದ. ಸಕ್ಕರೆ ತೆಗೆಯುವಾಗ ಸದ್ದು ಮಾಡದಿರುವುದನ್ನು ಅವನಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿರಲಿಲ್ಲ.

"ಎರಡನೇದು" ಎಂದಿತು ಗೋಡೆಯ ಆಚೆಯ ದನಿ.

ಚಮಚ ಗಾಳಿಯಲ್ಲೇ ನಿಂತಿತು. "ಏನಮ್ಮ?"

"ಎರಡನೇದು ಅಂದೆ. ನನ್ನ ಲೋಟಕ್ಕೆ ಒಂದು, ನಿನ್ನದಕ್ಕೆ ಎರಡಾ? ಡಾಕ್ಟ್ರು ಏನ್ ಹೇಳಿದ್ರು ನಿಂಗೆ?"

"ನಿನಗೆ ಹೇಗಮ್ಮ ಗೊತ್ತಾಯ್ತು?"

"ಕಾಣುತ್ತೆ ಕಣೋ. ಒಲೆ ಕಾಣುತ್ತೆ, ಪಾತ್ರೆ ಕಾಣುತ್ತೆ, ನಿನ್ನ ಬೋಳು ತಲೆ ಕಾಣುತ್ತೆ, ಡಬ್ಬದ ಕೆಂಪು ಮುಚ್ಚಳ ಪಕ್ಕಕ್ಕೆ ಹೋಗಿದ್ದು ಕಾಣುತ್ತೆ. ಆ ಪೇಂಟರು ಬೇಡ ಬೇಡ ಅಂತ ಒಂದು ತೇಪೆ ಬಳಿದ್ನಲ್ಲ, ಅದ್ರಲ್ಲೇ ಚೂರುಪಾರು ಕಾಣ್ತಿತ್ತು. ಈಗ ಪೂರ್ತಿ ಬಂತು ನೋಡು, ನನ್ನ ಅಡುಗೆಮನೆ."

ಅವನು ತಲೆಯೆತ್ತಿದ. ಗುಳ್ಳೆಗಳ ನಡುವೆ, ಹೊಳಪಿನ ಒಳಗೆ, ಮಸುಕಾಗಿ, ಬುಡಮೇಲಾಗಿ, ಒಲೆಯ ನೀಲಿ ಉರಿ, ಎರಡು ಲೋಟ, ಕೆಂಪು ಮುಚ್ಚಳ, ಚಮಚ ಹಿಡಿದು ನಿಂತ ಒಬ್ಬ ಬೋಳು ತಲೆಯವನು. ಗೋಡೆಯ ಆಚೆಗೆ, ಬಿಳಿ ದಿಂಬಿನ ಮೇಲೆ ಇನ್ನೊಂದು ತಲೆ, ಇತ್ತಲೇ ನೋಡುತ್ತಿತ್ತು. ಇಷ್ಟು ದಿನ ತಾನು ಬಿಳಿಯನ್ನೇ ನೋಡುತ್ತಿದ್ದೆನಲ್ಲ, ಅದರೊಳಗೆ ನೋಡಲಿಲ್ಲವಲ್ಲ ಎಂದು ಅವನಿಗೆ ನಗು ಬಂತು, ಕಣ್ಣೂ ತುಂಬಿತು.

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಗ್ತಿದ್ರಿ" ಎಂದಳು ಅಮ್ಮ.

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ನಿಂತಿತು, ಹೆಂಡತಿ ಬಾಗಿಲ ಸಂದಿಯಿಂದ, "ಯಾರ್ ರೀ ಅದು, ಅತ್ತೆನಾ ಮಾತಾಡ್ತಿರೋದು?" ಎಂದು ಕೇಳಿದಳು. ಹೌದು ಕಣೇ ಎಂದ. ಚಮಚವನ್ನು ಹಾಗೇ ಹಿಡಿದುಕೊಂಡು, ಇಷ್ಟು ದಿನ ತಪ್ಪಿಹೋಗಿದ್ದೊಂದು ಬರುತ್ತದೆ, ಈಗ ಬರುತ್ತದೆ ಎಂದು ಕಾದು ನಿಂತ.

"ಏನ್ ಹಾಗೆ ಬಾಯಿ ಬಿಟ್ಕೊಂಡು ಮೇಲೆ ನೋಡ್ತಿದ್ದೀಯೋ, ಇರುವೆ! ವಾಪಸ್ ಹಾಕು ಅದನ್ನ."

ಅವನು ಚಮಚದ ಸಕ್ಕರೆಯನ್ನು ಡಬ್ಬಕ್ಕೆ ಸುರಿದ. ಅವಳಿಗೆ ಚೆನ್ನಾಗಿ ಕಾಣಲೆಂದು ಕೈಯನ್ನು ಸ್ವಲ್ಪ ಮೇಲಕ್ಕೆತ್ತಿಯೇ ಸುರಿದ.